ಬಿಸಿಲು ಕಂಡ ಬೀಜ

ಬಿ.ಎಸ್ಸಿ. ಎರಡನೇ ವರ್ಷ ಮುಗಿದ ಬೇಸಿಗೆಯಲ್ಲಿ ನಾನು ಬಾಗಲಕೋಟೆಯ ಕಾಲೇಜಿನಿಂದ ಘಟ್ಟದ ಮಳೆಕಾಡಿಗೆ ಸಂಶೋಧನೆಗೆಂದು ಹೋಗಿದ್ದೆ. ಸಂಶೋಧನೆ ಎಂಬುದು ದೊಡ್ಡ ಮಾತಾಯಿತು. ಕಾಲಿಗೆ ಹತ್ತಿದ ಜಿಗಣೆ ಕೀಳುತ್ತ, ಕೆಸರಲ್ಲಿ ಕೂತು, ಮರದ ಕೆಳಗೆ ಹುಟ್ಟಿದ ಸಸಿಗಳ ಎತ್ತರ ಅಳೆಯುವುದಷ್ಟೇ ನನ್ನ ಕೆಲಸ. ಹುನಗುಂದದ ಎರೆಹೊಲದಲ್ಲಿ ಬೆಳೆದವಳು ನಾನು. ಆಕಾಶವೇ ಕಾಣದ ಜಾಗದಲ್ಲಿ ಮನುಷ್ಯರು ಹೇಗಾದರೂ ಇರುತ್ತಾರೋ ಎಂದು ಮೊದಲ ವಾರವೆಲ್ಲ ಸಿಟ್ಟಿನಲ್ಲೇ ಇದ್ದೆ.

ಹೊರಡುವ ದಿನ, ಅಲ್ಲಿ ನನಗೆ ಕೆಲಸ ಹೇಳಿಕೊಡುತ್ತಿದ್ದ ಮೇಡಮ್ ಒದ್ದೆ ಬಟ್ಟೆಯಲ್ಲಿ ಸುತ್ತಿದ ಒಂದು ಚೀಲ ಬೀಜ ಕೊಟ್ಟರು. ಜೌಗಿನಲ್ಲಿ ಬೆಳೆಯುವ ಮರದ ಬೀಜ, ಅಡಿಕೆಗಿಂತ ದೊಡ್ಡದು. ಅಲ್ಲಿನ ಹಳ್ಳದ ದಂಡೆಯಲ್ಲಿ ಆ ಜಾತಿಯದು ಉಳಿದಿದ್ದದ್ದು ಒಂದೇ ಮರ, ರಸ್ತೆ ಅಗಲ ಮಾಡಲು ಅದಕ್ಕೂ ಕಡಿಯುವ ಗುರುತು ಬಿದ್ದಿತ್ತು.

“ಕಾಲೇಜಿನಲ್ಲಿ ನೆರಳು ಮಾಡಿ ಬೆಳೆಸಿ ನೋಡು. ಒದ್ದೆ ಬಟ್ಟೆ ಆರೋಕೆ ಬಿಡಬೇಡ. ಒಣಗಿದರೆ ಇವು ಸತ್ತಹಾಗೇ,” ಎಂದರು.

ದಾರಿಯಲ್ಲಿ ಮನೆಗೆ ಹೋದೆ. ಬಸ್ಸಿನ ಸುಸ್ತಿಗೆ ಮಲಗಿದವಳು ಎದ್ದಾಗ ಮಧ್ಯಾಹ್ನ, ಚೀಲ ಇಟ್ಟಲ್ಲಿ ಇರಲಿಲ್ಲ.

ನಮ್ಮ ಮನೆಯಲ್ಲಿ ಬೀಜದ ಕಾರುಬಾರೆಲ್ಲ ಅಪ್ಪನ ತಾಯಿಯದು. ಆಯಿ ಒಣಗಿಸಿ, ಬೂದಿ ಬೆರೆಸಿ ಇಟ್ಟ ಬೀಜ ಹುಸಿ ಹೋಗಿದ್ದನ್ನು ಯಾರೂ ಕಂಡಿರಲಿಲ್ಲ. ಕೈಗುಣ ಎಂದರೆ ಆಯಿಯದು ಎಂದು, ಓಣಿಯವರೂ ಬಿತ್ತುವ ಮುಂಚೆ ಬಂದು ಆಕೆಯ ಕೈಯಿಂದ ಒಂದು ಹಿಡಿ ಒಯ್ಯುತ್ತಿದ್ದರು.

ಮಾಳಿಗೆ ಹತ್ತಿದೆ. ಸುಡುವ ಬಿಸಿಲಲ್ಲಿ ಆಯಿ ಚಾದರ ಹಾಸಿ, ಬೂದಿ ಹಚ್ಚಿ, ನನ್ನ ಬೀಜಗಳನ್ನೆಲ್ಲ ಹರವಿದ್ದಳು.

“ಬೀಜಾನ ಹಸಿ ಅರಿವ್ಯಾಗ ಸುತ್ತಿ ಇಟ್ಟೀಯಲ್ಲ, ಹುಚ್ಚಿ! ಬೂರಸು ಹಿಡದು ಹಾಳಾಗತಿದ್ವು. ಮುಂಜಾನಿಂದ ಬಿಸಲಿಗೆ ಹಾಕೇನಿ. ಕೇಳ ಇಲ್ಲೆ,” ಎಂದು ಒಂದನ್ನು ನನ್ನ ಕಿವಿಯ ಹತ್ತಿರ ಅಲ್ಲಾಡಿಸಿದಳು. ಒಳಗಿನ ತಿರುಳು ಮುರುಟಿ ಗಲಗಲ ಎನ್ನುತ್ತಿತ್ತು.

ನನಗೆ ಅಳುವೇ ಬಂತು. “ಆಯಿ, ಇವು ಒಣಗಿದ್ರ ಸಾಯ್ತಾವ.”

“ಒಣಗಿದ್ರ ಸಾಯೂ ಬೀಜ ಎಲ್ಲೆರ ಐತೇನ? ಸಾಲಿ ಕಲ್ತು ಇದ್ದ ಬುದ್ಧೀನೂ ಕಳಕೊಂಡಿ ನೀ,” ಎಂದು ನಕ್ಕಳು.

ನನಗೆ ತೋರಿಸಿಕೊಡಲೆಂದು ಅರ್ಧ ಬೀಜಗಳನ್ನು ತಾನೇ ಹಿತ್ತಲಲ್ಲಿ ಊರಿದಳು. ಉಳಿದವನ್ನು ನಾನು ಕಾಲೇಜಿಗೆ ಒಯ್ದೆ. ಅಲ್ಲಿ ಒಂದೂ ಹುಟ್ಟಲಿಲ್ಲ. ಫೋನಿನಲ್ಲಿ ತಿಳಿಸಿದಾಗ ಮೇಡಮ್, “ಅಜ್ಜಿಗೆ ಏನೂ ಅನ್ನಬೇಡ,” ಎಂದರು. ಮರ ಅಷ್ಟರಲ್ಲಿ ಉರುಳಿತ್ತು. ಮತ್ತೊಂದು ಬೀಜ ತಂದು, ಒದ್ದೆಯಲ್ಲಿಟ್ಟು, ಹುಟ್ಟಿಸಿ ತೋರಿಸುತ್ತೇನೆ ಎನ್ನಲೂ ದಾರಿ ಉಳಿಯಲಿಲ್ಲ.

ಆಯಿ ದಿನಾ ಎರಡು ಹೊತ್ತು ನೀರು ಹಾಕಿದಳು. ಶ್ರಾವಣದಲ್ಲಿ ನಾನು ಮನೆಗೆ ಬಂದಾಗ ಒಂದು ದಿನ ಬೆರಳಿನಿಂದ ಮಣ್ಣು ಕೆದರಿ ನೋಡಿ ಎದ್ದು ಬಂದಳು.

“ಬೀಜದ್ದೇನೂ ತಪ್ಪಿಲ್ಲ ಮಗಳ. ನನ್ನ ಕೈಗುಣ ಹೋತು.”

ಕೈಗುಣ ಅಲ್ಲ, ಒಣಗಿದ್ದಕ್ಕೇ ಸತ್ತವು ಎಂದು ಹೇಳಿದೆ. ಪುಸ್ತಕ ತೆರೆದು ತೋರಿಸಿದೆ, ಮೊಬೈಲಿನಲ್ಲಿದ್ದ ಕಾಡಿನ ಕೆಸರು ತೋರಿಸಿದೆ. ಹೇಳಿದಷ್ಟೂ ಆಕೆಗೆ ಅದು ಸಮಾಧಾನದ ಮಾತಾಗಿಯೇ ಕೇಳಿಸಿತು. “ಇರ್ಲಿ ಬಿಡ ಯವ್ವಾ, ವಯಸ್ಸಾತು,” ಎಂದು ನನ್ನ ತಲೆ ಸವರಿದಳು. ಕಲಿತ ವಿದ್ಯೆ ಒಂದು ಮುದುಕಿಯ ಸಂಕಟ ಕಳೆಯಲೂ ಉಪಯೋಗಕ್ಕೆ ಬರಲಿಲ್ಲವಲ್ಲ ಎಂದು ನನ್ನ ಮೇಲೇ ಹೇಸಿಕೆಯಾಯಿತು.

ಹಿಂಗಾರಿ ಬಿತ್ತನೆ ಬಂತು. ಬೀಜಕ್ಕೆ ಬಂದ ಎದುರು ಮನೆಯಾಕೆಗೆ ಆಯಿ, “ನನ್ನ ಕೈ ಬ್ಯಾಡ, ನನ್ನ ಸೊಸಿ ಕಡೆ ಇಸ್ಕೊಂಡ ಹೋಗ,” ಎಂದಳು. ನಮ್ಮ ಹೊಲದಲ್ಲಿ ಬಿತ್ತುವ ಕೂರಿಗೆಗೂ ಮೊದಲ ಹಿಡಿ ಜೋಳ ಹಾಕಿದ್ದು ಅವ್ವ. ಅವ್ವನ ಕೈಯಲ್ಲೂ ಹುಟ್ಟದಿದ್ದರೆ ಆಯಿ ತನ್ನ ಕೈಯನ್ನು ದೂರುವುದು ಬಿಟ್ಟಾಳೆಂದು, ಆ ಸಲ ಬೆಳೆ ಹುಟ್ಟದೇ ಹೋಗಲಿ ಎಂದು ನಾನು ಬೇಡಿಕೊಂಡೆ. ಅನ್ನದ ಮೇಲೆ ಅಂಥ ಮಾತು ಮನಸ್ಸಿಗೆ ಬಂದದ್ದು ಅದೊಂದೇ ಸಲ.

ಜೋಳ ಸಾಲು ತಪ್ಪದಂತೆ ಹುಟ್ಟಿತು. ಆಯಿ ಬದುವಿನ ಮೇಲೆ ನಿಂತು ಬಹಳ ಹೊತ್ತು ನೋಡಿದಳು.

“ಕಂಡ್ಯಾ? ನಿಮ್ಮವ್ವನ ಕೈ ಚಲೋ ಐತಿ,” ಎಂದಳು.