ಕೈ ಎತ್ತಿಸಿ ಅಳತೆ ತೆಗೆಯುವ ನಮ್ಮಕ್ಕ

ನಮ್ಮಕ್ಕ ದರ್ಜಿ. ಅವಳ ಅಂಗಡಿ ಎಂದರೆ ಒಂದು ಹೊಲಿಗೆ ಮೆಷಿನ್ನು, ಒಂದು ಕನ್ನಡಿ, ಹಳೆಯ ಬಾಗಿಲನ್ನು ಮಲಗಿಸಿ ಮಾಡಿದ ಕತ್ತರಿಸುವ ಮೇಜು. ಹೊಸ್ತಿಲು ದಾಟಿದರೆ ಮರಳು, ಮರಳಿನಾಚೆ ಸಮುದ್ರ. ರಜೆಗೆ ಬಂದವರು ನೀರಿಗಿಳಿಯುವಾಗ ತೊಡುವ, ಕುತ್ತಿಗೆಯಿಂದ ಪಾದದವರೆಗೆ ಮೈಗಂಟುವ ಉಡುಪು ಹೊಲಿಯುತ್ತಾಳೆ. ಸೆಕೆ ಏರಿದ ತಿಂಗಳುಗಳಲ್ಲಿ ಇಲ್ಲಿ ಜೆಲ್ಲಿ ಮೀನು ಬರುತ್ತದೆ. ಅದರ ದಾರದಂಥ ಎಳೆ ಚರ್ಮಕ್ಕೆ ಸೋಕಿದರೆ ಕಾಯಿಸಿದ ತಂತಿಯಿಂದ ಬರೆ ಎಳೆದ ಹಾಗೆ. ನಡುವೆ ತೆಳುವಾದ ಬಟ್ಟೆ ಇದ್ದರೂ ಬಚಾವು.

ಮೊದಲ ಉಡುಪು ಹೊಲಿದದ್ದು ನನಗೆ. ನಾನು ದಡದಲ್ಲಿ ಕುರ್ಚಿ, ಕೊಡೆ ಬಾಡಿಗೆಗೆ ಕೊಡುವವನು. ಗಿರಾಕಿಗಳ ಚೆಂಡು ತೇಲಿ ಹೋದರೆ ತಂದುಕೊಡುವವನೂ ನಾನೇ. ಅಕ್ಕ ಆಗ ಎಲ್ಲ ದರ್ಜಿಗಳಂತೆ ಕೈ ಇಳಿಬಿಡಿಸಿ ಅಳತೆ ತೆಗೆದಳು. ನೀರಲ್ಲಿ ಕೈ ಚಾಚಿದೆ, ಉಡುಪಿನ ತೋಳು ಹಿಂದಕ್ಕೆ ಸರಿಯಿತು, ಮಣಿಕಟ್ಟಿನಲ್ಲಿ ಎರಡು ಬೆರಳಗಲ ಚರ್ಮ ಬಯಲಾಯಿತು. ಜೆಲ್ಲಿ ಮೀನಿನ ಎಳೆ ಸರಿಯಾಗಿ ಅಲ್ಲೇ ಸುತ್ತಿಕೊಂಡಿತು. ನನಗೋ ಕೋಪ ಮೂಗಿನ ತುದಿಯಲ್ಲೇ. ಸಮುದ್ರಕ್ಕೆ ಬಾಯಿಗೆ ಬಂದದ್ದೆಲ್ಲ ಬೈಯುತ್ತ ದಡಕ್ಕೆ ಬಂದು ಮರಳು ಹಾಕಿ ಉಜ್ಜತೊಡಗಿದೆ.

"ಉಜ್ಜಬೇಡ್ವೋ ಕತ್ತೆ! ಉಜ್ಜಿದಷ್ಟೂ ಚುಚ್ಚುತ್ತೆ!"

ಜೆಲ್ಲಿ ಮೀನು ತಾಕಿದವರಿಗೆಂದೇ ಕಂಬಕ್ಕೆ ನೇತುಹಾಕಿದ್ದ ವಿನೆಗರ್ ಬಾಟಲಿ ಕಿತ್ತುಕೊಂಡು ಅಕ್ಕ ಓಡಿಬಂದಳು. ಅದನ್ನು ಧಾರಾಳವಾಗಿ ಸುರಿದು, ತುಸು ಹೊತ್ತು ತಡೆದು, ಆಮೇಲೆ ಚಿಮಟದಲ್ಲಿ ಎಳೆಗಳನ್ನು ಬಿಡಿಸಿದಳು. ಅದು ಬಿಟ್ಟ ಗೆರೆ ಇಂದಿಗೂ ಇದೆ. ಅಂದಿನಿಂದ ಯಾರೇ ಬರಲಿ, ಕೈ ಎತ್ತಿಸಿ, ಕುಕ್ಕರಗಾಲಲ್ಲಿ ಕೂರಿಸಿಯೇ ಅಳತೆ. ತೋಳಿನ ತುದಿಗೆ ಹೆಬ್ಬೆರಳು ತೂರಿಸಲು ಒಂದು ಕುಣಿಕೆ ಬೇರೆ.

ಈ ಸಲ ಪಕ್ಕದ ಹೋಟೆಲ್ ಮಾಲೀಕ ತನ್ನ ಅತಿಥಿಗಳಿಗೆ ನಲವತ್ತು ಉಡುಪು ಬೇಕೆಂದು ಬಂದ. ಅಕ್ಕನ ಅಂಗಡಿಗೆ ಇಡೀ ಸೀಸನ್ನಿಗೆ ಸಾಲುವಷ್ಟು ಕೆಲಸ.

"ತೋಳು ಮೊಣಕೈವರೆಗೆ ಸಾಕಮ್ಮ. ಜನ ಬರೋದು ಮಜಾ ಮಾಡೋಕೆ, ಮೂಟೆ ಕಟ್ಟಿಸ್ಕೊಳ್ಳೋಕಲ್ಲ."

"ಹಾಗಾದ್ರೆ ಬೇರೆ ಕಡೆ ಹೊಲಿಸ್ಕೊಳ್ಳಿ ಸಾರ್."

ನನ್ನ ತಲೆ ಕೆಟ್ಟಿತು. "ಅಕ್ಕಾ, ನಿಂಗೇನ್ ಹುಚ್ಚಾ? ಬಾಗಿಲಿಗೆ ಬಂದಿರೋ ಕೆಲಸ!"

"ನೀನು ಬಾಯಿ ಮುಚ್ಚು. ಆ ನಿನ್ನ ಹಳೇ ಉಡುಪು ತಗೊಂಡ್ ಬಾ."

ತಂದುಕೊಟ್ಟೆ. ಮಾಲೀಕ ನನ್ನಷ್ಟೇ ಗಾತ್ರ. ಅದನ್ನು ಹಾಕಿಕೊಳ್ಳಿ ಎಂದ ಅಕ್ಕನ ಮಾತು ಮೀರಲಾಗದೆ ಪರದೆಯ ಹಿಂದೆ ಹೋಗಿ, ಹೊಟ್ಟೆ ಒಳಗೆಳೆದುಕೊಂಡು ಹೊರಬಂದ. ಕನ್ನಡಿ ನೋಡಿ, "ಮೈಯೆಲ್ಲ ಮುಚ್ಚಿದೆಯಲ್ಲಮ್ಮ, ಇನ್ನೇನು?" ಎಂದ.

"ಈಗ ಈಜಿ ತೋರ್ಸಿ."

"ಇಲ್ಲೇ?"

"ಇಲ್ಲೇ."

ಮಾಲೀಕ ಗಾಳಿಯಲ್ಲಿ ಕೈ ಬೀಸಿದ. ತೋಳು ಸರಿಯಿತು. ಅಕ್ಕ ನನ್ನ ಮಣಿಕಟ್ಟನ್ನು ಎಳೆದು ಅವನ ಮಣಿಕಟ್ಟಿನ ಪಕ್ಕಕ್ಕಿಟ್ಟಳು. ನನ್ನ ಗೆರೆ ಇದ್ದಲ್ಲೇ ಅವನ ಚರ್ಮ ಕಾಣುತ್ತಿತ್ತು.

"ಇದು ಎರಡೇ ಬೆರಳು ಸಾರ್. ನೀವು ಬಿಡು ಅಂತಿರೋದು ಒಂದು ಗೇಣು."

ಮಾಲೀಕ ನನ್ನ ಗೆರೆಯನ್ನು ಮುಟ್ಟಿ ನೋಡಿದ. "ಎಷ್ಟು ದಿನ ಉರೀತು?"

"ಹೋಗ್ಲಿ ಬಿಡಿ ಸಾರ್, ಮೂರು ದಿನ ಮನೆಯವರೆಲ್ಲ ನನ್ನ ಬೈಗುಳ ತಿಂದ್ರು," ಎಂದೆ.

"ಸರಿ, ಪೂರ್ತಿ ತೋಳೇ ಹಾಕಿ. ಕುಣಿಕೆನೂ ಹಾಕಿ. ಮೊದಲ್ನೇದು ನನ್ನ ಮಗಳಿಗೆ."

ಅಕ್ಕ ಆಗಲೇ ಟೇಪು ಕುತ್ತಿಗೆಗೆ ಹಾಕಿಕೊಂಡಿದ್ದಳು. "ಹಾಗಾದ್ರೆ ಅವಳನ್ನೇ ಕರ್ಕೊಂಡ್ ಬನ್ನಿ. ಕೈ ಎತ್ತಿಸದೆ ನಾನು ಬಟ್ಟೆ ಕತ್ತರಿಸೋಳಲ್ಲ."