ಬೆಳ್ಳಿಯುಂಗುರ ಕಪ್ಪಾಗಲಿಲ್ಲ

ತೊಂಬತ್ತರ ದಶಕದಲ್ಲಿ ಪುಣೆಯ ವಿಮಾನ ನಗರದ ಕಡೆ ಕಟ್ಟಡಗಳು ಏಳತೊಡಗಿದಾಗ ಅಪ್ಪ, ಅವ್ವ, ಚಿಗವ್ವ ಮೂವರೂ ಅಲ್ಲಿ ಕೂಲಿಗೆ ಹೋಗುತ್ತಿದ್ದರು. ಸೈಟಿನ ಅಂಚಿನಲ್ಲೇ ನಮ್ಮ ತಗಡಿನ ಶೆಡ್ಡು. ನನಗೆ ಹನ್ನೊಂದು ವರ್ಷ. ಮರಾಠಿ ಶಾಲೆಗೆ ಹೋಗುತ್ತಿದ್ದೆ.

ಚಿಗವ್ವ ಎಂದರೆ ಅವ್ವನ ತಂಗಿ. ಯಾದಗಿರಿ ಕಡೆಯ ನಮ್ಮ ಊರಿನಲ್ಲಿ ಮಳೆ ಬಿದ್ದ ಮೇಲೆ ಹುತ್ತ ಹುಡುಕಿ ಅಣಬೆ ತರುತ್ತಿದ್ದವಳು ಅವಳೇ. ಅವಳು ತಂದದ್ದನ್ನು ಓಣಿಯವರೆಲ್ಲ ಕಣ್ಣುಮುಚ್ಚಿ ತಿನ್ನುತ್ತಿದ್ದರು.

ಒಂದು ಸೋಮವಾರ ಮಳೆಗೆ ಕೆಲಸ ನಿಂತಿತ್ತು. ಚಿಗವ್ವ ಹಿಂದಿನ ಬಯಲಿನಿಂದ ಉಡಿ ತುಂಬ ಬಿಳಿ ಅಣಬೆ ತಂದಳು.

"ಹುತ್ತದ ಮ್ಯಾಲಿನವ ಏನ ಇವು?" ಅವ್ವ ಕೇಳಿದಳು.

"ಇಲ್ಲಿ ಹುತ್ತ ಎಲ್ಲಿ ಅದಾವಕ್ಕ? ಹುಲ್ಲಾಗ ಎದ್ದಿದ್ವು. ಹುಳ ತಿಂದಾವ ನೋಡು. ಹುಳ ತಿಂದದ್ದು ನಾವೂ ತಿನ್ನಬಹುದು."

ಆದರೂ, ವಿಷವಿದ್ದರೆ ಬೆಳ್ಳಿ ಕಪ್ಪಾಗುತ್ತದೆಂದು, ಅವ್ವ ಕುದಿಸುತ್ತಿದ್ದ ಪಾತ್ರೆಯಲ್ಲಿ ಚಿಗವ್ವ ತನ್ನ ಬೆಳ್ಳಿಯುಂಗುರ ಹಾಕಿ ತೆಗೆದಳು. ಅದು ಕಪ್ಪಾಗಲಿಲ್ಲ. ಅಪ್ಪ ಹೊಟ್ಟೆ ತುಂಬ ಉಂಡ. ಅವ್ವನಿಗೆ ಉಳಿದದ್ದು ಬರೀ ರಸ. ಆ ಲೋಳೆ ನನಗೆ ಸೇರುತ್ತಿರಲಿಲ್ಲ. ಚಟ್ನಿ ಹಚ್ಚಿಕೊಂಡು ರೊಟ್ಟಿ ತಿಂದೆ. ಚಿಗವ್ವನಿಗೆ ಸೋಮವಾರದ ಉಪವಾಸ.

ಮರುದಿನ ಬೆಳಿಗ್ಗೆ ಅಪ್ಪನಿಗೂ ಅವ್ವನಿಗೂ ವಾಂತಿ, ಭೇದಿ. ಮೂರನೆಯ ದಿನ ಅಪ್ಪ ಎದ್ದು ಕೂತು ಚಹಾ ಕುಡಿದ. "ನಾಳೆ ಕೆಲಸಕ್ಕ ಹೋಗ್ತೀನಿ" ಅಂದ. ಸಂಜೆಯೊಳಗೆ ಅವನ ಕಣ್ಣು ಹಳದಿಯಾದವು.

ಆಸ್ಪತ್ರೆಯಲ್ಲಿ ಡಾಕ್ಟರು ಮರಾಠಿಯಲ್ಲಿ ಕೇಳಿದ್ದಕ್ಕೆಲ್ಲ, ಮನೆಯಲ್ಲಿ ಮರಾಠಿ ಬರುತ್ತಿದ್ದ ನಾನೊಬ್ಬಳೇ ಉತ್ತರ ಕೊಟ್ಟೆ. ಬೆಳ್ಳಿಯಿಂದಾಗಲಿ ಹುಳದಿಂದಾಗಲಿ ವಿಷದ ಅಣಬೆ ಗೊತ್ತಾಗುವುದಿಲ್ಲ, ನಡುವೆ ಆರಾಮ ಅನ್ನಿಸಿದಾಗಲೇ ವಿಷ ಲಿವರನ್ನು ತಿನ್ನುತ್ತಿರುತ್ತದೆ, ಅಪ್ಪ ಬದುಕುವುದು ಕಷ್ಟ ಎಂದರು.

"ಏನಂತಾರ?" ಅವ್ವ ಕೇಳಿದಳು.

"ಔಷಧ ಕೊಡ್ತಾರಂತ" ಅಂದೆ.

ಆರನೆಯ ದಿನ ಅಪ್ಪ ತೀರಿಕೊಂಡ. ಬರೀ ರಸ ಉಂಡಿದ್ದ ಅವ್ವ ಚೇತರಿಸಿಕೊಂಡಳು.

ತಂದವಳು ತಾನು ತಿನ್ನಲಿಲ್ಲವಲ್ಲ ಎಂದು ಶೆಡ್ಡುಗಳಲ್ಲಿ ಮಾತು ಹುಟ್ಟಿತು. "ಬೇಯಿಸಿದಾಕಿ ನಾ, ಬಡಿಸಿದಾಕಿ ನಾ" ಎಂದು ಅವ್ವ ಎಲ್ಲರ ಬಾಯಿ ಮುಚ್ಚಿಸಿದಳು. ಆದರೆ ಚಿಗವ್ವ ಬಡಿದ ರೊಟ್ಟಿಯನ್ನು ಅವ್ವ ಮುಟ್ಟಲಿಲ್ಲ. ಹಸಿವಿಲ್ಲ ಎಂದು ಎದ್ದು ಹೋಗಿ, ಆಮೇಲೆ ತಾನೇ ಹಿಟ್ಟು ನಾದಿಕೊಳ್ಳುತ್ತಿದ್ದಳು. ಚಿಗವ್ವ ಅದನ್ನು ಒಂದು ತಿಂಗಳು ನೋಡಿದಳು. ಒಂದು ದಿನ ಗಂಟು ಕಟ್ಟಿಕೊಂಡು ಊರಿಗೆ ಹೋದಳು.

ಹತ್ತು ವರ್ಷಗಳ ಮೇಲೆ, ಆಫೀಸೊಂದರಲ್ಲಿ ಕೆಲಸ ಸಿಕ್ಕಾಗ, ಅವಳನ್ನು ನೋಡಲು ಹೋದೆ. ತಲೆ ನರೆತಿತ್ತು. ಊಟವಾದ ಮೇಲೆ ಮೆಲ್ಲಗೆ ಕೇಳಿದಳು: "ಅವತ್ತ ಡಾಕ್ಟರ್ ಏನಂದ್ರು? ನೀ ಒಬ್ಬಾಕಿನ ಕೇಳಿದ್ದಿ."

ಯಾರಿಗೂ ಹೇಳದಿದ್ದುದನ್ನೆಲ್ಲ ಹೇಳಿದೆ.

"ನಿಮ್ಮವ್ವಗ ಹೇಳೀಯೇನು ಇದನ್ನ?"

"ಇಲ್ಲ."

"ಹೇಳವ್ವ."

ಪುಣೆಗೆ ಮರಳಿದವಳೇ ಅವ್ವನಿಗೆ ಹೇಳಿದೆ. ಅಕ್ಕಿ ಆರಿಸುತ್ತಿದ್ದವಳು ಮೊರ ಕೆಳಗಿಟ್ಟಳು. "ಯಾರಿಗೂ ಗೊತ್ತಾಗೂದಿಲ್ಲ ಅಂತ ಅವತ್ತ ಹೇಳಿದ್ರ ಅಕಿ ಹೋಗ್ತಿದ್ದಿಲ್ಲೇನೋ" ಅಂದಳು. ಅವಳು ನನ್ನನ್ನು ಬೈಯಲಿಲ್ಲ. ಆ ವಾರವೇ ತಂಗಿಗೆ ಬರಲು ಹೇಳಿ ಕಳಿಸಿದಳು. ಚಿಗವ್ವ ಬರಲಿಲ್ಲ.