ಹಕ್ಕಿಯ ಬಾಣಂತನ

ಸವಣೂರಿನ ನಮ್ಮ ಓಣಿಯಲ್ಲಿ ಯಾರ ಮನೆಯಲ್ಲಿ ಹೆರಿಗೆಯಾದರೂ ಕೂಸಿಗೆ ಎರೆಯಲು ನಮ್ಮ ಅವ್ವನೇ ಹೋಗಬೇಕು. ಆ ಕೆಲಸದಲ್ಲಿ ಅವಳು ಯಾರ ಮಾತನ್ನೂ ಕೇಳುವವಳಲ್ಲ. ಹೀಗಾಗಿ ಪಡಸಾಲೆಯ ಪಂಜರದಲ್ಲಿ ನನ್ನ ಲವ್ ಬರ್ಡ್ಸ್ ಮೂರು ಮರಿ ಮಾಡಿದಾಗ ಅದೂ ತನ್ನ ಪಾಲಿನ ಬಾಣಂತನವೆಂದೇ ತಿಳಿದಳು.

ಮೊದಲ ತಪ್ಪು ನನ್ನದೇ. ಮನುಷ್ಯರ ಕೈ ತಾಗಿದರೆ ತಾಯಿಹಕ್ಕಿ ಮರಿಯನ್ನು ಬಿಟ್ಟುಬಿಡುತ್ತದೆ ಎಂದು ಯಾರೋ ಹೇಳಿದ್ದನ್ನು ನಂಬಿ, ಎರಡು ವಾರ ಗೂಡಿನ ಪೆಟ್ಟಿಗೆಯನ್ನು ಮುಟ್ಟಿರಲಿಲ್ಲ. ಒಲೆಕಟ್ಟೆಯ ಮೇಲೆ ಒಂದು ಹನಿ ಹಾಲು ಬಿದ್ದರೂ ಸಿಡುಕುವವಳು ನಾನು. ವಾಸನೆ ಪಡಸಾಲೆ ತುಂಬಿದ ಮೇಲೆ ಮುಚ್ಚಳ ತೆಗೆದೆ. ತಳದಲ್ಲಿ ಹಿಕ್ಕೆ ಹೆಪ್ಪುಗಟ್ಟಿತ್ತು. ಎಲ್ಲಕ್ಕಿಂತ ಸಣ್ಣ ಮರಿಯ ಬೆರಳುಗಳಿಗೂ ಅದು ಅಂಟಿ ಕಲ್ಲಾಗಿತ್ತು. ನನಗೆ ನಾಚಿಕೆಯಾಯಿತು.

ಹಕ್ಕಿ ಕೊಟ್ಟಿದ್ದ ಶಿಗ್ಗಾಂವದ ಅಂಗಡಿಯವರಿಗೆ ಫೋನ್ ಮಾಡಿದೆ.

"ಮುಟ್ಟಿದ್ರ ಏನೂ ಆಗೂದಿಲ್ರಿ. ಮರಿ ಒಂದು ಬಟ್ಟಲದಾಗ ಇಡ್ರಿ, ಪೆಟಗಿ ಕೆರದು ಒಣಾ ಕಟ್ಟಿಗಿ ಹೊಟ್ಟು ಹಾಕ್ರಿ, ಮುಗೀತು," ಎಂದರು.

ಹಾಗೇ ಮಾಡಿದೆ. ಉಗುರುಬೆಚ್ಚಗಿನ ನೀರಿನಲ್ಲಿ ಹತ್ತಿ ಅದ್ದಿ, ಸಣ್ಣ ಮರಿಯ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದೆ. ಅದು ನನ್ನ ಅಂಗೈಯಲ್ಲೇ ಕುತ್ತಿಗೆ ಚಾಚಿ ತುತ್ತು ಕೇಳಿತು. ಇದೊಂದು ಬದುಕಿದರೆ ಸಾಕು ಅನ್ನಿಸಿತು.

ಮರಿಗಳನ್ನು ಗೂಡಿಗೆ ಬಿಡುವಷ್ಟರಲ್ಲಿ ಅವ್ವ ಕೆಂಡದ ಮೇಲೆ ಲೋಬಾನ ಉದುರಿಸಿಕೊಂಡು ಬಂದಳು. ನಮ್ಮಲ್ಲಿ ಕೂಸಿಗೆ ಎರೆದ ಮೇಲೆ ಹೊಗೆ ಹಾಕುವುದು ರೂಢಿ.

"ನೀರು ತಾಗೇತಿ, ಥಂಡಿ ಹಿಡಿತೈತಿ. ಹೊಗಿ ಹಾಕದ ಬಾಣಂತನ ಎಲ್ಲೈತಿ?"

ವಾಸನೆಯಾದರೂ ಹೋಗಲಿ ಎಂದು ನಾನೂ ತಡೆಯಲಿಲ್ಲ. ಅವಳು ಕೆಂಡವನ್ನು ಪಂಜರದ ಕೆಳಗೇ ಇಟ್ಟಳು.

ಸ್ವಲ್ಪ ಹೊತ್ತಿಗೇ ತಾಯಿಹಕ್ಕಿ ಬಾಯಿ ತೆರೆದು ಏದುಸಿರು ಬಿಡತೊಡಗಿತು. ಪಂಜರ ಎತ್ತಿಕೊಂಡು ಅಂಗಳಕ್ಕೆ ಓಡಿದೆ. ಗಾಳಿಗೆ ಅದು ಚೇತರಿಸಿಕೊಂಡಿತು. ದೊಡ್ಡ ಮರಿಗಳೆರಡೂ ಉಳಿದವು. ಸಣ್ಣದು ಉಳಿಯಲಿಲ್ಲ. ಅದರ ಬೆರಳುಗಳು ಮಾತ್ರ ಸ್ವಚ್ಛವಾಗಿದ್ದವು.

ಮರುದಿನದಿಂದ ಪೆಟ್ಟಿಗೆ ಕೆರೆದು ಹೊಟ್ಟು ಬದಲಿಸುವ ಕೆಲಸವನ್ನು ಅವ್ವ ತಾನೇ ಮಾಡಿದಳು. ನನ್ನನ್ನು ಹತ್ತಿರ ಬಿಡಲಿಲ್ಲ.

ಈ ವರ್ಷ ನನ್ನ ಮಗಳು ಹೆರಿಗೆಗೆ ಬಂದಿದ್ದಳು. ಮೊದಲ ದಿನ ಕೂಸಿಗೆ ಎರೆದಾದ ಮೇಲೆ ಅವ್ವ ಕೆಂಡ ಹಿಡಿದುಕೊಂಡು ಬಂದವಳು ಕೋಣೆಯ ಹೊಸ್ತಿಲಲ್ಲೇ ನಿಂತಳು.

"ಹಾಕ್ಲೇನು, ಬ್ಯಾಡೇನು?" ಎಂದು ನನ್ನನ್ನು ಕೇಳಿದಳು.

ಎಷ್ಟೋ ಕೂಸುಗಳಿಗೆ ಎರೆದವಳು, ಯಾರನ್ನೂ ಕೇಳಿದವಳಲ್ಲ. "ಬ್ಯಾಡವ್ವ," ಎಂದೆ.

ಅವಳು ಹೊರಗೆ ಹೋಗಿ ಕೆಂಡಕ್ಕೆ ನೀರು ಹಾಕಿ ಬಂದಳು. ಆಮೇಲೆ ಕೂಸನ್ನು ತೊಡೆಯ ಮೇಲೆ ಮಲಗಿಸಿಕೊಂಡು, ಅದರ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ಒರೆಸಿದಳು.